ತೆರೆದಿಟ್ಟ ಬಾಗಿಲು

ಅಪ್ಪ ತೀರಿಕೊಂಡು ವರ್ಷ ತುಂಬಿರಲಿಲ್ಲ. ಮಂಗಳೂರಿನ ಮನೆಗೆ ಬೀಗ ಹಾಕಿ ಅಮ್ಮನನ್ನು ಸ್ವೀಡನ್ನಿನ ಮೋಲ್ನ್‌ಡಾಲ್‌ಗೆ ಕರೆತಂದಿದ್ದೆ. ದೀಪಾವಳಿ ಹತ್ತಿರವಾದಂತೆ ಅವಳ ಊಟ ಅರ್ಧವಾಯಿತು. ಹಿರಿಯರಿಗೆ ಎಡೆ ಬಡಿಸುವ ಕಾಲ. ಬೀಗ ಹಾಕಿದ ಮನೆಗೆ ಬಂದು ಅಪ್ಪ ಹಸಿದು ಹೋಗುತ್ತಾರೆ ಎಂಬುದೇ ಅವಳ ಕೊರಗು. ಇಲ್ಲೇ ಬಡಿಸೋಣ ಎಂದರೆ, ಅವರಿಗೆ ಈ ಊರಿನ ದಾರಿ ಗೊತ್ತಿಲ್ಲವಲ್ಲ ಎಂದಳು. ನನಗೆ ಸಿಟ್ಟು ಬಂತು.

ಆ ಸಂಜೆ ಅವಳನ್ನು ಬಲವಂತವಾಗಿ ನಮ್ಮ ಬೀದಿಯ ಮೆಕ್ಸಿಕನ್ ಹೋಟೆಲಿಗೆ ಕರೆದೊಯ್ದೆ. ಅಲ್ಲಿನ ಯುಕಟಾನ್ ಕಡೆಯ, ಮಾಯಾ ಜನಾಂಗದ ಹೆಂಗಸೊಬ್ಬಳು ನಡೆಸುವ ಹೋಟೆಲು. ಮೆಕ್ಕೆಜೋಳದ ಹಿಟ್ಟಿನೊಳಗೆ ಕೋಳಿ ಇಟ್ಟು, ಬಾಳೆಲೆಯಲ್ಲಿ ಸುತ್ತಿ ಬೇಯಿಸುತ್ತಾಳೆ. ಬಾಳೆಲೆ ಕಂಡರಾದರೂ ಅಮ್ಮ ಉಂಡಾಳು ಎಂಬ ಆಸೆ ನನಗೆ.

ಒಳಗೆ ಮೂಲೆಯ ಮೇಜಿನ ಮೇಲೆ ಮುದುಕಿಯೊಬ್ಬಳ ಫೋಟೊ, ಮೊಂಬತ್ತಿ, ಹಬೆಯಾಡುವ ಎಲೆಯ ಪೊಟ್ಟಣ. ಅದು ತೀರಿಕೊಂಡವರ ಎಡೆ ಎಂದು ಅಮ್ಮನಿಗೆ ಯಾರೂ ಹೇಳಬೇಕಾಗಲಿಲ್ಲ. ಆದರೆ ಬೀದಿಬಾಗಿಲು ಹಾರುಹೊಡೆದಿತ್ತು; ನವೆಂಬರಿನ ಗಾಳಿಗೆ ಗಿರಾಕಿಗಳು ಜಾಕೆಟ್ ಬಿಚ್ಚದೆ ಕೂತಿದ್ದರು. ನಮ್ಮಲ್ಲಿ ಎಡೆ ಇಟ್ಟ ಮೇಲೆ ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ನಿಲ್ಲುತ್ತೇವೆ. ಸತ್ತವರು ಉಣ್ಣುವುದನ್ನು ಯಾರೂ ನೋಡಬಾರದು. ಅಮ್ಮ ಹೋಗಿ ಬಾಗಿಲು ಮುಚ್ಚಿದಳು.

ಒಡತಿ ಅಡುಗೆಮನೆಯಿಂದ ಓಡಿಬಂದು ತೆರೆದಳು. ಅಮ್ಮ ಮತ್ತೆ ಮುಚ್ಚಿದಳು. ಈಗ ಇಬ್ಬರ ಕೈಯೂ ಒಂದೇ ಹಿಡಿಕೆಯ ಮೇಲೆ. ಒಡತಿಯ ಮುಖ ಕೆಂಪೇರಿತು. ಭೂಮಿ ಬಾಯಿ ಬಿಡಬಾರದೇ ಎಂದುಕೊಳ್ಳುತ್ತ ನಾನು ಸ್ವೀಡಿಷ್‌ನಲ್ಲಿ ಕ್ಷಮೆ ಕೇಳಿದೆ.

“ಬಾಗಿಲು ಹಾಕದೆ ಅವರು ಉಣ್ಣುವುದು ಹೇಗೆ? ಕೇಳು ಅವಳಲ್ಲಿ,” ಎಂದಳು ಅಮ್ಮ, ಹಿಡಿಕೆ ಬಿಡದೆ.

ಕೇಳಿದೆ. ಫೋಟೊದಲ್ಲಿರುವುದು ತನ್ನ ತಾಯಿ, ಅವಳು ಸ್ವೀಡನ್ ಕಂಡವಳೇ ಅಲ್ಲ ಎಂದಳು ಒಡತಿ. ಫೋಟೊದತ್ತ ತಿರುಗಿ ಮುಂದುವರಿಸಿದಳು:

“ಹೆಸರು ಹಿಡಿದು ಕರೆದಿದ್ದೇನೆ. ದಾರಿ ಗೊತ್ತಿಲ್ಲದಿದ್ದರೂ ಹೋದವರು ಕರೆದಲ್ಲಿಗೆ ಬರುತ್ತಾರೆ. ಬಂದಾಗ ಬಾಗಿಲು ಮುಚ್ಚಿದ್ದರೆ?”

ಅದನ್ನು ಅಮ್ಮನಿಗೆ ಹೇಳಿದೆ. ಅವಳ ಕೈ ಹಿಡಿಕೆಯಿಂದ ಜಾರಿತು. ಆಮೇಲೆ ತಾನೇ ಬಾಗಿಲನ್ನು ಗೋಡೆಗೆ ತಾಗುವಷ್ಟು ತೆರೆದು, ಅಪ್ಪನಿಗೂ ಒಂದು ಎಲೆ ಸಿಕ್ಕೀತೇ ಎಂದು ನನ್ನಿಂದ ಕೇಳಿಸಿದಳು.

ಒಡತಿ ಇನ್ನೊಂದು ಪೊಟ್ಟಣ ತಂದಿಟ್ಟು, ಹೆಸರೇನು ಎಂದಳು. ಗಂಡನ ಹೆಸರು ಹೇಳಬಾರದೆಂದು ಬೆಳೆದವಳು ಅಮ್ಮ. ರೇಷನ್ ಅಂಗಡಿಯಿಂದ ಆಸ್ಪತ್ರೆಯವರೆಗೆ ಅವಳ ಬದಲು ನಾನೇ ಹೇಳಿಕೊಂಡು ಬಂದವಳು. ಎಂದಿನಂತೆ ಬಾಯಿ ತೆರೆದೆ. ಅಮ್ಮ ನನ್ನ ತೋಳು ಹಿಡಿದು ತಡೆದಳು. ಕತ್ತಲ ಬೀದಿಗೆ ಮುಖ ಮಾಡಿ ನಿಂತು, ಅಪ್ಪನನ್ನು ಹೆಸರು ಹಿಡಿದು ಕರೆದಳು.