ಅಳಿಯನನ್ನು ಎರಡನೇ ಸಲ ವಿಚಾರಿಸಿದ್ದು

ನಮ್ಮ ಮನೆತನದಲ್ಲಿ ಒಬ್ಬ ಗಂಡಸನ್ನು ವಿಚಾರಿಸುವುದು ಜನ್ಮಕ್ಕೊಂದೇ ಸಲ, ಅದೂ ಹೆಣ್ಣು ಕೊಡುವಾಗ. ಹುಡುಗ ಏನು ಮಾಡುತ್ತಾನೆ, ಕುಡಿಯುತ್ತಾನೋ ಹೇಗೆ, ಹೊಲಕ್ಕೆ ನೀರಿದೆಯೋ ಇಲ್ಲವೋ ಎಂದು ಅವನೂರಿನ ಚಹಾದಂಗಡಿಯಲ್ಲಿ ಕೂತು ಕೇಳಿಕೊಂಡು ಬರುತ್ತಾರೆ. ತಾಳಿ ಕಟ್ಟಿದ ಮೇಲೆ ಅವನು ಅಳಿಯ. ಅಳಿಯನನ್ನು ಮತ್ತೆ ವಿಚಾರಿಸುವುದೆಂದರೆ ಗುಡಿಗೆ ಹೋಗಿ ದೇವರ ಆಧಾರ್ ಕಾರ್ಡು ಕೇಳಿದಂತೆ. ನಾನು ಕೇಳಿದೆ. ಕೇಳಿದ್ದಕ್ಕೆ ದೊಡ್ಡಪ್ಪ ನನ್ನ ಜೊತೆ ಮಾತು ಬಿಟ್ಟಿದ್ದಾನೆ. ಬಿಡಲಿ. ಅವನ ದನಿ ನನ್ನ ಗಂಟಲಲ್ಲೇ ಇದೆ, ಬೇಕೆನಿಸಿದಾಗ ತೆಗೆದು ಕೇಳುತ್ತೇನೆ.

ನನ್ನ ಕಸುಬೇ ಅದು. ವಿಜಯಪುರದ ಕಲ್ಯಾಣ ಮಂಟಪಗಳಲ್ಲಿ ಆರತಕ್ಷತೆಗೆ ಮೈಕು ಹಿಡಿಯುವವನು ನಾನು. ಬೀಗರ ದನಿ, ಮದುವೆ ಮಾಡಿಸುವ ಅಯ್ಯನವರ ದನಿ, ಊಟ ತಡವಾದಾಗ ಅಡುಗೆಯವನ ದನಿ, ಎಲ್ಲ ತೆಗೆದು ಜನರನ್ನು ನಗಿಸುತ್ತೇನೆ. ಒಮ್ಮೆ ಮನೆಯಲ್ಲಿ ನನ್ನನ್ನೇ ಅಣಕಿಸಿ ತೋರಿಸಿದೆ. ಅದೊಂದನ್ನು ಮಾತ್ರ ಯಾರೂ ಗುರುತು ಹಿಡಿಯಲಿಲ್ಲ.

ಅಪ್ಪ ಜೈನಾಪುರದಲ್ಲಿದ್ದ ತನ್ನ ಪಾಲಿನ ಹೊಲ ಮಾರಿ ತೊರವಿ ಕಡೆ ಒಂದು ಪ್ಲಾಟು ತೆಗೆದುಕೊಂಡ. ಉಳಿದದ್ದು ಮನೆ ಕಟ್ಟಲಿಕ್ಕೆ. ಅದು ಮುಗಿದರೆ ಮುಗಿಯಿತು, ಮಾರಲು ಇನ್ನೊಂದು ಹೊಲವಿಲ್ಲ. ಅವ್ವ ಮದುವೆಯಾದಾಗಿನಿಂದ ಬಾಡಿಗೆ ಮನೆಗಳಲ್ಲೇ ಇದ್ದವಳು. ಗೋಡೆಗೆ ಒಂದು ಮೊಳೆ ಹೊಡೆಯಬೇಕಾದರೂ ಮಾಲೀಕರ ಬಾಗಿಲಿಗೆ ಹೋಗಿ ನಿಂತವಳು. ಪ್ಲಾಟು ತೆಗೆದುಕೊಂಡ ದಿನ ಅವಳು ಅಂದದ್ದು ಒಂದೇ ಮಾತು: "ಇದನ್ನ ಒಂದಽ ಸಲ ಕಟ್ಟೂದೈತಿ, ಸರಿ ಕಟ್ಟೂಣು."

ಪ್ಲಾಟಿನದು ಎರೆಮಣ್ಣು. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಬಾಯಿ ಬಿಡುತ್ತದೆ. ಜೋಳ ಬಿತ್ತುವವನಿಗೆ ಬಂಗಾರ, ಮನೆ ಕಟ್ಟುವವನಿಗೆ ತಲೆನೋವು. ಆ ಕಪ್ಪು ಮಣ್ಣನ್ನೆಲ್ಲ ಅಗೆದು ತೆಗೆದು, ಕೆಳಗಿನ ಗಟ್ಟಿ ಗರಸಿನ ಮೇಲೆ ಪಾಯ ನಿಲ್ಲಿಸಬೇಕು. ಇದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಗೊತ್ತಿದ್ದೂ ಅಲ್ಲಿಯವರೆಗೆ ಅಗೆಯುವವರು ಯಾರು ಎಂಬುದೇ ಪ್ರಶ್ನೆ.

ದೊಡ್ಡಪ್ಪನಿಗೆ ಆ ಪ್ರಶ್ನೆಯೇ ಇರಲಿಲ್ಲ. ಅವನ ಅಳಿಯ, ಅಂದರೆ ದೊಡ್ಡಪ್ಪನ ಮಗಳಾದ ನನ್ನ ಅಕ್ಕನ ಗಂಡ, ನಾನು ಮಾಮಾ ಎಂದು ಕರೆಯುವವನು, ಮನೆ ಕಟ್ಟುವ ಗುತ್ತಿಗೆದಾರ. ಒಂದು ಭಾನುವಾರ ನಮ್ಮಲ್ಲಿ ಉಂಡು, ಎಲೆಗೆ ಸುಣ್ಣ ಹಚ್ಚುತ್ತ ದೊಡ್ಡಪ್ಪ ಹೇಳಿದ: "ಅಳಿಯಂದ್ರಿಗೆ ಹೇಳಿಬಿಟ್ಟೀನಿ. ಅಮಾಸಿ ದಾಟಿತಂದ್ರ ಗುದ್ಲಿ ಪೂಜಿ."

"ದೊಡ್ಡಪ್ಪಾ, ಮಾಮಾ ಕಟ್ಟಿದ್ದು ಒಂದೆರಡ ಮನಿ ನೋಡ್ಕೊಂಡ ಬರ್ತೀನಿ," ಎಂದೆ.

ಸುಣ್ಣದ ಬೆರಳು ನಿಂತಿತು. "ಯಾಕ?"

"ವಿಚಾರಸಬೇಕಲ್ಲ."

"ಲೇ, ಅಂವಗ ನನ್ನ ಮಗಳನ್ನ ಕೊಟ್ಟೀನಿ. ನೀ ಮನಿ ಕೊಡಾಕ ವಿಚಾರಸ್ತೀಯೇನ?"

"ಅಕ್ಕನ ತಲಿ ಮ್ಯಾಲ ಅಂವ ಸ್ಲ್ಯಾಬ್ ಹಾಕಿಲ್ಲಲ್ಲ ದೊಡ್ಡಪ್ಪಾ."

ಅಪ್ಪ ಸುಮ್ಮಸುಮ್ಮನೆ ಕೆಮ್ಮಿದ. ಒಳಗೆ ಅವ್ವ ಪಾತ್ರೆಗಳನ್ನು ಬೇಕಂತಲೇ ಸದ್ದು ಮಾಡಿದಳು, ನಗು ಹೊರಗೆ ಕೇಳಬಾರದೆಂದು.

"ಮೈಕ ಹಿಡ್ಯಾಂವಗ ಪಾಯದ ಸುದ್ದಿ ಏನ ತಿಳಿತೈತಿ?"

"ಏನೂ ತಿಳ್ಯಂಗಿಲ್ಲ. ಅದಕ್ಕಽ ಕೇಳ್ಕೊಂಡ ಬರ್ತೀನಿ ಅಂದೆ."

ಮಾಮಾ ಕೆಟ್ಟವನಲ್ಲ ಎಂಬುದನ್ನು ಇಲ್ಲೇ ಹೇಳಿಬಿಡಬೇಕು. ಅಪ್ಪನ ಕಾಲು ಮುರಿದಾಗ ದವಾಖಾನೆಯಲ್ಲಿ ನನಗಿಂತ ಹೆಚ್ಚು ಓಡಾಡಿದವನು ಅವನು. ಪಂಕ್ತಿಯಲ್ಲಿ ಅವನ ಪಕ್ಕ ಕೂತರೆ ಎರಡು ರೊಟ್ಟಿ ಹೆಚ್ಚೇ ಸೇರುತ್ತವೆ. ನಾನು ಅತಿ ಹೆಚ್ಚು ಅಣಕಿಸಿದವರಲ್ಲಿ ಅವನೂ ಒಬ್ಬ. ಅಂಗಿಯ ಕಾಲರನ್ನು ಎರಡು ಬೆರಳಿನಿಂದ ಹಿಂದಕ್ಕೆ ಸರಿಸಿ, ಕಣ್ಣು ಅರ್ಧ ಮುಚ್ಚಿ, "ಮನಸಿಗೆ ಹಚ್ಕೋಬ್ಯಾಡ್ರಿ, ನಾ ಅದೀನಲ್ಲ" ಎಂದರೆ ಸಾಕು, ಮಾಮಾ ಎದುರಿಗೆ ನಿಂತಂತೆ. ಪ್ರೀತಿಯ ಮನುಷ್ಯ. ಆದರೆ ಪ್ರೀತಿಯನ್ನು ಪಾಯಕ್ಕೆ ತುಂಬಲು ಬರುವುದಿಲ್ಲವಲ್ಲ.

ಮರುದಿನ ಮಾಮಾ ಕಟ್ಟಿದ ಮನೆಯೊಂದನ್ನು ನೋಡಲು ಟಿಕೋಟಾಕ್ಕೆ ಹೊರಟೆ. "ನಾನೂ ಬರ್ತೀನಿ. ನಿನ್ನ ಕಣ್ಣ ಮ್ಯಾಲ ನನಗ ನಂಬಿಗಿ ಇಲ್ಲ, ಬಾಯಿ ಮ್ಯಾಲ ಅಂತೂ ಇಲ್ಲಽ ಇಲ್ಲ," ಎಂದು ಅವ್ವ ಸೆರಗು ಬಿಗಿದುಕೊಂಡು ಬೈಕಿನ ಹಿಂದೆ ಕೂತಳು.

ಅದು ಒಣದ್ರಾಕ್ಷಿ ವ್ಯಾಪಾರದ ಒಬ್ಬರ ಮನೆ. ಹೊರಗಿನಿಂದ ನಾನು ಮೈಕು ಹಿಡಿಯುವ ಮಂಟಪಗಳ ಹಾಗೆ ಹೊಳೆಯುತ್ತಿತ್ತು. ಯಜಮಾನರು ಬಾಗಿಲಲ್ಲೇ ಕೇಳಿದರು, "ಬರ್ರಿ ಬರ್ರಿ. ಯಾವೂರ್ರಿ? ಯಾರ ಪೈಕಿ?"

ನಮ್ಮ ಕಡೆ ಈ ಪ್ರಶ್ನೆಗೆ ಬಾಯಿ ತಾನಾಗಿಯೇ ಉತ್ತರ ಕೊಟ್ಟುಬಿಡುತ್ತದೆ, ತಲೆಯನ್ನು ಕೇಳುವುದಿಲ್ಲ. ನಾನು ಜೈನಾಪುರದಿಂದ ಹಿಡಿದು, ಮುತ್ತ್ಯಾನ, ಅಂದರೆ ಅಜ್ಜನ, ಹೆಸರು ಹೇಳಿ, ಕೊನೆಗೆ ಎದೆ ಉಬ್ಬಿಸಿ, "ನಿಮ್ಮ ಮನಿ ಕಟ್ಯಾರಲ್ರಿ, ಅವ್ರು ನಮ್ಮ ದೊಡ್ಡಪ್ಪನ ಅಳಿಯಂದ್ರು," ಎಂದುಬಿಟ್ಟೆ. ಹಿಂದೆ ಅವ್ವನ ನಿಟ್ಟುಸಿರು ಕೇಳಿಸಿತು.

"ಹೌದೇನ್ರಿ! ಅಂಥಾ ಮನಶ್ಯಾ ಹುಡುಕಿದ್ರ ಸಿಗಂಗಿಲ್ಲ ಬಿಡ್ರಿ," ಎಂದು ಅವರು ಸುರು ಮಾಡಿದವರು ಚಹಾ ಬರುವವರೆಗೂ ಮಾಮಾನನ್ನು ಹೊಗಳಿದರು. ನಾನು ಮಂಟಪದಲ್ಲಿ ಮದುಮಗನನ್ನೂ ಅಷ್ಟು ಹೊಗಳಿದವನಲ್ಲ. ಎದುರಿನ ಗೋಡೆಯ ಮೇಲೆ ಒಂದು ಕ್ಯಾಲೆಂಡರಿತ್ತು. ಅದರ ಬಾಲಕ್ಕೆ ಓರೆಯಾಗಿ ಇನ್ನೊಂದು, ಅದರ ಬಾಲಕ್ಕೆ ಮತ್ತೊಂದು. ಎಲ್ಲವೂ ಇದೇ ವರ್ಷದವು. ಛಾವಣಿಯ ಮೂಲೆಯಿಂದ ಕಿಟಕಿಯವರೆಗೆ ಮೆಟ್ಟಿಲಿನಂತೆ ಇಳಿದು ಬಂದಿದ್ದವು.

"ಕಾಕಾರ, ನಿಮ್ಮನ್ಯಾಗ ತಾರೀಖ ಭಾಳ ನೋಡ್ತಾರೇನ್ರಿ?" ಎಂದೆ.

ಅವರು ಗೋಡೆ ನೋಡಿದರು, ನೆಲ ನೋಡಿದರು. "ಹೆಣಮಕ್ಕಳು ಹಬ್ಬಾ ಹುಣಿವಿ ನೋಡ್ತಾರಲ್ರಿ... ಚಾ ಆರತೈತಿ, ಕುಡೀರಿ."

ಊರು ದಾಟುತ್ತಲೇ ಅವ್ವ ನನ್ನ ಬೆನ್ನಿಗೆ ಗುದ್ದಿದಳು. "ಹುಚ್ಚಪ್ಯಾಲಿ! ವರನ್ನ ವಿಚಾರಸಾಕ ಹೋಗಿ ನಾವಽ ವರನ ಕಡ್ಯಾವ್ರು ಅಂತ ಹೇಳ್ಕೊಂಡ್ರ ಯಾರ ಖರೇ ಹೇಳ್ತಾರೋ? ಇನ್ನೊಬ್ರ ಸಂಬಂಧ ಮುರದ ಪಾಪಾ ಯಾರಿಗೆ ಬೇಕಾಗೇತಿ? ಮುಂದಿನ ಮನ್ಯಾಗ ನಾ ಹೇಳೂತನಾ ಬಾಯಿ ತಗೀಬ್ಯಾಡ."

ಮುಂದಿನ ಮನೆ ಬಬಲೇಶ್ವರದಲ್ಲಿ. ಅಲ್ಲಿ ಅವ್ವನ ವಯಸ್ಸಿನ ಒಬ್ಬ ಹೆಂಗಸು ಪಡಸಾಲೆಯಲ್ಲಿ ಮಶಿನ್ ಹಾಕಿಕೊಂಡು ಜಂಪರು ಹೊಲಿಯುತ್ತಿದ್ದಳು. ಅದೇ ಪ್ರಶ್ನೆ ಬಂತು, ಯಾರ ಪೈಕಿ?

"ಬಾಡಿಗಿ ಮನಿಯವ್ರ ಪೈಕಿರಿ," ಎಂದಳು ಅವ್ವ. "ಸ್ವಂತದ್ದೊಂದು ಕಟ್ಟಸಬೇಕಂತ ತಿರಗಾಕತ್ತೀವಿ. ನಿಮ್ಮ ಮನಿ ಕಟ್ಟಿದವ್ರ ಕೆಲಸ ಹೆಂಗೈತಿ ಅಂತ ಕೇಳಾಕ ಬಂದ್ವಿ."

ಆ ಹೆಂಗಸು ನಕ್ಕು ಚಾಪೆ ಹಾಸಿದಳು. ಆದರೆ ಮಾತು ಮಾತ್ರ ಟಿಕೋಟಾದ್ದೇ: "ಚಲೋ ಮನಶ್ಯಾರ್ರಿ. ಕೆಲಸನೂ ಚಲೋ ಐತಿ." ಹೇಳಿ ಮತ್ತೆ ಮಶಿನ್ ತುಳಿಯತೊಡಗಿದಳು. ಕೇಳಲು ಬಂದವರು ಯಾರ ಪೈಕಿಯೂ ಅಲ್ಲದಿದ್ದರೂ, ಇನ್ನೊಬ್ಬರ ಕೆಲಸ ಮುರಿದ ಪಾಪ ಪಾಪವೇ.

ಅವ್ವ ಮೊಣಕೈಯಿಂದ ನನ್ನನ್ನು ತಿವಿದಳು. ಅಪ್ಪಣೆ ಸಿಕ್ಕಿತು. ನಾನು ಎದ್ದು ನಿಂತು ಕಾಲರು ಹಿಂದಕ್ಕೆ ಸರಿಸಿದೆ, ಕಣ್ಣು ಅರ್ಧ ಮುಚ್ಚಿದೆ: "ಅಕ್ಕಾರ, ಮನಸಿಗೆ ಹಚ್ಕೋಬ್ಯಾಡ್ರಿ. ನಾ ಅದೀನಲ್ಲ. ಮನಿ ಅಲ್ರಿ, ಕ್ವಾಟಿ ಕಟ್ಟಿ ಕೊಡ್ತೀನಿ!"

ಮಶಿನ್ ನಿಂತಿತು. ಅವಳು ಜಂಪರಿನ ಬಟ್ಟೆ ಬಾಯಿಗೆ ಒತ್ತಿಕೊಂಡಳು, ಭುಜಗಳು ಕುಣಿಯತೊಡಗಿದವು. ನಕ್ಕು ನಕ್ಕು ಕಣ್ಣು ಒರೆಸಿಕೊಂಡು, "ಹಂಗಲ್ಲೋ ತಮ್ಮಾ," ಎಂದಳು. "ಸುರುವಿಗಷ್ಟಽ ಹಂಗ. ಪಾಯಾ ಮುಗದ ಮ್ಯಾಲ ದನಿ ಸಣ್ಣ ಆಗ್ತೈತಿ ಅಂವಂದು. ನೋಡಿಲ್ಲೆ." ಎದ್ದು ಹೋಗಿ ಒಳಗೋಡೆಗೆ ಅಂಗೈ ಇಟ್ಟು, ರೋಗಿಯ ಎದೆ ನೋಡುವ ಡಾಕ್ಟರಂತೆ ತಲೆ ಓರೆ ಮಾಡಿ, ಮೆಲ್ಲಗೆ ನುಡಿದಳು: "'ಅಕ್ಕಾರ, ಇದು ಬಿರಕ ಅಲ್ರಿ. ಗ್ವಾಡಿ ಉಸರಾಡಾಕತ್ತೈತಿ.'"

ಕಸುಬಿನವನಾಗಿ ಹೇಳುತ್ತೇನೆ, ನನ್ನದಕ್ಕಿಂತ ಅವಳದೇ ಮೇಲಾಗಿತ್ತು. ನನಗೆ ಗೊತ್ತಿದ್ದದ್ದು ಪಂಕ್ತಿಯಲ್ಲಿ ಕೂತ ಮಾಮಾ, ಅವಳಿಗೆ ಗೊತ್ತಿದ್ದದ್ದು ಕೆಲಸ ಹಿಡಿದ ಮಾಮಾ. ನಮ್ಮ ಜನ ಒಬ್ಬರ ಬಗ್ಗೆ ಕೆಟ್ಟದ್ದು ಹೇಳಲು ಹಿಂಜರಿಯುತ್ತಾರೆ, ಆದರೆ ಅವರ ಅಣಕು ತಪ್ಪಾದರೆ ತಿದ್ದದೆ ಬಿಡುವುದಿಲ್ಲ.

ಆಮೇಲೆ ಅವಳನ್ನು ಕೇಳುವುದೇ ಬೇಕಾಗಲಿಲ್ಲ. ಮಲಗುವ ಕೋಣೆಯ ಬಾಗಿಲು ತೋರಿಸಿದಳು. "ಮಳಿಗಾಲದಾಗ ಹಾಕಿದ್ರ ತಗ್ಯಾಕ ಬರಂಗಿಲ್ಲ, ಬ್ಯಾಸಿಗ್ಯಾಗ ತಗದ್ರ ಹಾಕಾಕ ಬರಂಗಿಲ್ಲ. ಗರಸು ಹತ್ತೂತನಾ ಅಗೀರಿ ಅಂತ ನಮ್ಮನಿಯವ್ರು ಹೇಳಿದ್ರು. 'ಸುಮ್ನ ಮಣ್ಣಾಗ ಯಾಕ ಖರ್ಚ ಮಾಡ್ತೀರಿ, ಕಬ್ಬಿಣ ಬಿಗಿ ಹಾಕ್ತೀನಿ' ಅಂದ. ಪರಿಚಯದಂವ, ಜಗಳ ಹೆಂಗ ಮಾಡೂದು ಅಂತ ಸುಮ್ಮನಾದ್ವಿ."

ಹೇಳುತ್ತ ಹೇಳುತ್ತ ಅವಳ ನಗು ನಿಂತಿತ್ತು. ಅವ್ವ ಗೋಡೆಯ ಬಿರುಕಿಗೆ ತೋರುಬೆರಳು ತೂರಿಸಿದಳು. ಬೆರಳು ಗೆಣ್ಣಿನವರೆಗೂ ಒಳಗೆ ಹೋಯಿತು. ಅವಳು ಅದನ್ನು ತಕ್ಷಣ ಹೊರಗೆ ತೆಗೆಯಲಿಲ್ಲ.

ಒಂದೇ ಮನೆ ನೋಡಿ ತೀರ್ಪು ಕೊಡಬಾರದೆಂದು ಅವ್ವನೇ ಅರಕೇರಿಗೂ ಕರೆದೊಯ್ದಳು. ಅಲ್ಲಿಯ ಯಜಮಾನ ನನ್ನ ಅಣಕು ನೋಡಿದವನೇ, ಫೋನು ಕಿವಿಗಿಟ್ಟು ಮಂಚದ ಮೇಲೆ ಅಡ್ಡಾಗಿ, "ದಾರ್ಯಾಗ ಅದೀನ್ರಿ, ಬಂದಽ ಬಿಟ್ಟೆ" ಎಂದು ಮಾಮಾನ ಇನ್ನೊಂದು ಪಾತ್ರ ಕಲಿಸಿದ. ಬಿರುಕನ್ನು ಅವನ ಹೆಂಡತಿ ತೋರಿಸಿದಳು.

ಮುಂದಿನ ಭಾನುವಾರ ದೊಡ್ಡಪ್ಪ ಮಾಮಾನನ್ನು ಕರೆದುಕೊಂಡೇ ಬಂದ. ಚೀಲದಲ್ಲಿ ತೆಂಗಿನಕಾಯಿ. ಮಾತು ಗಟ್ಟಿ ಮಾಡಿಕೊಂಡೇ ಹೋಗುವ ತಯಾರಿ. ಅವ್ವ ರೊಟ್ಟಿ, ಎಣ್ಣೆಗಾಯಿ ಬಡಿಸಿದಳು. ಮಾಮಾ ಮೊದಲ ತುತ್ತು ಬಾಯಿಗಿಟ್ಟಾಗ ನಾನು ಕೇಳಿದೆ, ಆ ದಿನ ಯಾರ ದನಿಯನ್ನೂ ತೆಗೆಯದೆ.

"ಮಾಮಾ, ಬಬಲೇಶ್ವರದ ಮನಿ ಪಾಯಾ ಗರಸಿನ ತನಾ ಯಾಕ ಹೋಗಿಲ್ಲ?"

ಅವನ ಎರಡು ಬೆರಳು ಕಾಲರಿಗೆ ಹೋದವು. "ಮನಸಿಗೆ ಹಚ್..." ಎಂದವನು ನನ್ನ ಮುಖ ನೋಡಿ ನಿಲ್ಲಿಸಿದ. ಕೈ ಕೆಳಗಿಳಿಸಿ ಹೇಳಿದ, "ಎರಿ ಮಣ್ಣಂದ್ರ ಎಲ್ಲಾರ ಮನಿನೂ ಅಷ್ಟಿಷ್ಟ ಸೀಳತಾವಪಾ."

"ನಿಮ್ಮ ಮನಿ ಸೀಳೇತೇನ ಮಾಮಾ?"

ದೊಡ್ಡಪ್ಪ ಗುಡುಗಿದ: "ಅಳಿಯಾನ್ನ ತಾಟಿನ ಮುಂದ ಕುಂದ್ರಿಸಿ ಮರ್ಯಾದಿ ತಗ್ಯಾಕತ್ತೀರೇನ? ಯಾರೋ ಏನೋ ಅಂದ್ರಂತ ನಮ್ಮವನ್ನ ಬಿಡೂದೇನ?"

ಅವ್ವ ಬಿಸಿ ರೊಟ್ಟಿ ತಂದು ಮಾಮಾನ ತಾಟಿಗೆ ಹಾಕಿದಳು. "ನಮ್ಮವ್ರು ಅಂತಽ ಹೇಳಾಕತ್ತೀನ್ರಿ ಭಾವಾರ. ಮಂದಿಯಂವ ತಪ್ಪ ಮಾಡಿದ್ರ ನಿಂತ ಜಗಳಾಡ್ತೀನಿ. ಅಳಿಯಂದ್ರ ಸಂಗಾಟ ನನಗ ಜಗಳಾಡಾಕ ಬರಂಗಿಲ್ಲ. ಅಳಿಯಂದ್ರ, ನೀವು ದಿನಾ ಬರ್ರಿ, ರೊಟ್ಟಿ ಬಡದ ಹಾಕ್ತೀನಿ. ಮನಿ ಮಾತ್ರ ನಿಮ್ಮ ಕೈಯಾಗ ಕೊಡಂಗಿಲ್ಲ."

ದೊಡ್ಡಪ್ಪ ಅಪ್ಪನ ಕಡೆ ತಿರುಗಿದ. "ನೀ ಹೇಳೋ. ಈ ಮನ್ಯಾಗ ಯಾರ ಮಾತ ನಡಿತೈತಿ?"

ಅಣ್ಣನ ಎದುರು ಜೀವಮಾನವಿಡೀ ಹೂಂ ಎಂದ ಅಪ್ಪ ತಾಟನ್ನೇ ನೋಡುತ್ತ ಹೇಳಿದ, "ಆಕೀದು."

ದೊಡ್ಡಪ್ಪ ಎದ್ದು ಹೊರಟ. ಮಾಮಾ ರೊಟ್ಟಿಯನ್ನೊಮ್ಮೆ ನೋಡಿ ಅವನ ಹಿಂದೆ ನಡೆದ. ಬಾಗಿಲಲ್ಲಿ ನಿಂತು ಮೆಲ್ಲಗೆ, "ಅತ್ತಿ, ಎಣ್ಣಿಗಾಯಿ ಭಾಳ ಚಲೋ ಆಗಿತ್ರಿ," ಎಂದು ಹೋದ. ತೆಂಗಿನಕಾಯಿ ನಮ್ಮಲ್ಲೇ ಉಳಿಯಿತು. ಅವ್ವ ಅದರದ್ದು ಚಟ್ನಿ ಮಾಡಿದಳು.

ಮೈಕಿನ ಹುಡುಗ ಮನೆತನ ಒಡೆದ ಎಂದು ನೆಂಟರೆಲ್ಲ ಫೋನು ಮಾಡಿದರು. ಒಡೆದಿದ್ದು ಗೋಡೆ, ನಾನು ನೋಡಿ ಬಂದೆ, ಅಷ್ಟೇ. ಹಾಗೆಂದು ಪ್ರತಿಯೊಬ್ಬರಿಗೂ ಅವರವರ ದನಿಯಲ್ಲೇ ಹೇಳಿದೆ. ಇಬ್ಬರು ನಕ್ಕರು. ಉಳಿದವರು ಫೋನಿಟ್ಟರು.

ಹೊಸ ಗುತ್ತಿಗೆದಾರ ತೊರವಿಯವನು. ಅವನು ಕಟ್ಟಿದ ಮನೆಗಳಿಗೂ ಹೋಗಿ ಅವನ ಅಣಕು ಮಾಡಿದೆ. ಎಲ್ಲ ಕಡೆ ತಿದ್ದಿದ್ದು ಒಂದನ್ನೇ: "ಇನ್ನೂ ಜೋರ ಬೈತಾನಪಾ ಅಂವ." ಗೋಡೆಗಳು ಮಾತ್ರ ನೆಟ್ಟಗಿದ್ದವು. ಮಾತುಕತೆಗೆ ಬಂದವನು ಕೂರುವ ಮೊದಲೇ, "ನಿಮ್ಮನ್ನೂ ವಿಚಾರಸ್ಕೊಂಡಽ ಬಂದೀನಿ," ಎಂದ. "ಹುಡಗ ಬಾಯಿಬಡಕ, ತಾಯಿ ಜಗಮೊಂಡಿ ಅಂತ ಹೇಳ್ಯಾರ."

"ಮತ್ತ ನನ್ನ ಸುದ್ದಿ?" ಎಂದು ಅಪ್ಪ ಆಸೆಯಿಂದ ಕೇಳಿದ.

"ನೀವ್ ಅದೀರಿ ಅಂತ ಯಾರೂ ಹೇಳಲಿಲ್ರಿ."

ಪಾಯ ತೆಗೆಯುವ ದಿನ ಅವ್ವ ಗುಂಡಿಯ ಅಂಚಿನಲ್ಲೇ ನಿಂತಿದ್ದಳು. ಜೆಸಿಬಿ ಹೋದ ಮೇಲೆ ಮೂಡಣ ಮೂಲೆಯಲ್ಲಿ ಇನ್ನೂ ಕಪ್ಪು ಕಾಣುತ್ತಿತ್ತು. "ಅಲ್ಲಿ ಎರಿ ಐತಿ," ಎಂದಳು. ಗುತ್ತಿಗೆದಾರ ಬಗ್ಗಿ ನೋಡಿ, ಜೆಸಿಬಿಯವನಿಗೂ ಅವನ ಗಾಡಿಗೂ ಬೈದು, ಆಳುಗಳನ್ನು ಹಾರೆ ಕೊಟ್ಟು ಕೆಳಗಿಳಿಸಿದ.

ಆಗಲೇ ರಸ್ತೆಯಲ್ಲಿ ಸ್ಕೂಟರ್ ನಿಂತಿತು. ದೊಡ್ಡಪ್ಪ. ನಮ್ಮ ಜೊತೆ ಮಾತು ಬಿಟ್ಟವನಾದ್ದರಿಂದ ಎದುರಿನ ಲೈಟಿನ ಕಂಬಕ್ಕೆ ಕೇಳಿದ: "ಇದೇನ ಮನಿ ಕಟ್ಟಸಾಕತ್ತಾರೋ, ಬಾವಿ ತೋಡಸಾಕತ್ತಾರೋ?"

ಅವ್ವ ಗುಂಡಿಯಿಂದ ಕಣ್ಣು ತೆಗೆಯದೆ ನನಗೆ ಹೇಳಿದಳು, "ಹೇಳೋ ಅವ್ರಿಗೆ. ಮನಿ ಕಟ್ಟಸಾಕತ್ತೀವಿ. ಕೆಳಗಿಂದ ಸುರು ಮಾಡೀವಿ."

ನಾನು ಅದನ್ನು ಅವ್ವನ ದನಿಯಲ್ಲೇ ಕಂಬಕ್ಕೆ ಮುಟ್ಟಿಸಿದೆ. ದೊಡ್ಡಪ್ಪ ಸ್ಕೂಟರಿನಿಂದ ಇಳಿಯಲಿಲ್ಲ. ಹೋಗಲೂ ಇಲ್ಲ. ಹಾರೆಗೆ ಗರಸು ಸಿಕ್ಕು ಠಣ್ಣೆಂದಾಗ ಕತ್ತು ಉದ್ದ ಮಾಡಿ ಗುಂಡಿಯೊಳಗೆ ನೋಡಿದ. ಆಮೇಲೆ ಗಾಡಿ ಚಾಲೂ ಮಾಡಿದ.