ಮುದಿನಾಯಿಗಳ ಹಿಂದೆ ನಡೆಯುವ ಸೆನಾಮಿ

ನಮ್ಮೂರು ಮೊರ್ನಾಗ್‌ನ ದ್ರಾಕ್ಷಿತೋಟಗಳ ಮೇಲಿನ ಮಂಜು ಇನ್ನೂ ಕರಗಿಲ್ಲ. ಬೆಳಗಿನ ನಮಾಜು ಮುಗಿಸಿದ ಮುದುಕರು ಕಾಫಿ ಅಂಗಡಿಯ ಬಾಗಿಲು ತೆಗೆಯುವುದನ್ನೇ ಕಾಯುತ್ತಿದ್ದಾರೆ. ಅಲ್ಲಿಂದ ಸ್ವಲ್ಪ ದೂರದ ತೋಟದ ಮನೆಯೊಂದರ ಅಂಗಳದಲ್ಲಿ ಸೆನಾಮಿ ಅಹೊಸ್ಸಿ ಮಂಡಿಯೂರಿ ಕೂತು ಮೂರು ಪ್ಲಾಸ್ಟಿಕ್ ಬಟ್ಟಲುಗಳನ್ನು ಬೋರಲು ಹಾಕುತ್ತಾಳೆ. ಒಂದರ ಕೆಳಗೆ ಬೇಯಿಸಿದ ಈಲಿ ಮಾಂಸದ ಚೂರು. ಎದುರಿಗೆ ಝೀನಾ ಎಂಬ ಮುದಿ ಕಂದು ನಾಯಿ ಎಲ್ಲವನ್ನೂ ನೋಡುತ್ತಾ ನಿಂತಿದೆ. ಸ್ವಲ್ಪ ಹೊತ್ತು ಕಾಯಿಸಿ ಬಿಟ್ಟಾಗ ಅದು ತಪ್ಪು ಬಟ್ಟಲಿನ ಕಡೆ ಹೋಗುತ್ತದೆ, ತಿರುಗುತ್ತದೆ, ನಡುವೆ ನಿಂತು ತಾನು ಯಾಕೆ ಎದ್ದು ಬಂದೆನೆಂದು ಕೇಳುವಂತೆ ಸೆನಾಮಿಯ ಮುಖ ನೋಡುತ್ತದೆ.

“ನಿಧಾನ ಯೋಚನೆ ಮಾಡಜ್ಜಿ, ಯಾರೂ ಓಡಿಸಲ್ಲ” ಎನ್ನುತ್ತಾಳೆ ಸೆನಾಮಿ.

ಇದು ಅವಳ ಕೆಲಸ. ಬೆನಿನ್ ದೇಶದ ಕೊಟೊನು ಪಟ್ಟಣದಿಂದ ಪಶುವೈದ್ಯಕೀಯ ಓದಲು ಬಂದವಳು ಓದು ಮುಗಿದ ಮೇಲೂ ಇಲ್ಲೇ ಸಂಶೋಧನೆಗೆ ನಿಂತಳು. ಕೆಲವು ನಾಯಿಗಳು ಮುಪ್ಪಿನಲ್ಲೂ ಚುರುಕಾಗಿರುತ್ತವೆ, ಕೆಲವು ಮನೆಯ ದಾರಿಯನ್ನೇ ಮರೆಯುತ್ತವೆ. ಯಾಕೆ ಹೀಗೆ ಎಂಬುದು ಅವಳ ಕಾಲೇಜು ಕೈಗೆತ್ತಿಕೊಂಡಿರುವ ಪ್ರಶ್ನೆ. ಹತ್ತು ವರ್ಷ ದಾಟಿದ ಸಾಕುನಾಯಿಗಳನ್ನು ಆರಿಸಿ, ಕುತ್ತಿಗೆಗೆ ಕೆಂಪು ಪಟ್ಟಿ ಕಟ್ಟಿ, ತಿಂಗಳಿಗೊಮ್ಮೆ ಮನೆಮನೆಗೆ ಹೋಗಿ ತೂಕ, ಹಲ್ಲು, ಕಣ್ಣು, ನಡಿಗೆ, ನೆನಪು ಎಲ್ಲವನ್ನೂ ಪರೀಕ್ಷಿಸಬೇಕು. ಬಿಸಿಲೇರಿದರೆ ಮುದಿನಾಯಿಗಳು ನೆರಳು ಬಿಟ್ಟು ಏಳುವುದಿಲ್ಲ. ಅದಕ್ಕೇ ಅವಳು ನಸುಕಿನ ಬಾಡಿಗೆ ವ್ಯಾನು ಹತ್ತುತ್ತಾಳೆ. ಲೆಕ್ಕವೆಲ್ಲ ಕಂಪ್ಯೂಟರಿಗೆ ಸೇರಿ, ಪ್ರಬಂಧವಾಗಿ, ದೊಡ್ಡವರ ಜೊತೆ ಪರದೇಶದ ಸಭೆಗಳಿಗೆ ಹೋಗುತ್ತದೆ. ಸೆನಾಮಿಯ ಹೆಸರು ಕೊನೆಯಲ್ಲಿ, ಕೃತಜ್ಞತೆಯ ಸಾಲಿನಲ್ಲಿ ಇರುತ್ತದೆ.

ಮೊದಮೊದಲು ಜನ ನಕ್ಕರಂತೆ. ನಾಯಿಗೆ ಪರೀಕ್ಷೆ ಎಂದರೆ ನಗದವರು ಯಾರು? ಝೀನಾಳ ಮನೆಯೊಡತಿ ಇವತ್ತಿಗೂ ಬಿಡುವುದಿಲ್ಲ. “ನಮ್ಮತ್ತೆಗೂ ಒಂದ್ಸಲ ಈ ಬಟ್ಟಲು ಇಟ್ಟು ನೋಡೇ. ಉಂಡಿದ್ದು ಮರೀತಾಳೆ, ಬೈಯೋದು ಮಾತ್ರ ಒಂದಕ್ಷರ ಮರೆಯಲ್ಲ” ಎಂದು ಹಿತ್ತಲಿನಿಂದ ಕೂಗುತ್ತಾಳೆ. ಒಳಗಿನಿಂದ ಅತ್ತೆಯ ಬೈಗುಳ ಕೇಳಿಸುತ್ತದೆ.

ಪರದೇಶದ ವಿದ್ಯಾರ್ಥಿಯ ಬದುಕು ನಗುವಿನದಲ್ಲ. ಇಲ್ಲಿರಲು ಪ್ರತಿ ವರ್ಷ ವಾಸದ ಚೀಟಿಗೆ ಅರ್ಜಿ ಹಾಕಬೇಕು. ಚೀಟಿ ಕೈಗೆ ಬರುವ ಹೊತ್ತಿಗೆ ಅದರ ಅವಧಿ ಮುಗಿಯುತ್ತಾ ಬಂದಿರುತ್ತದೆ, ಮತ್ತೆ ಸಾಲಿನಲ್ಲಿ ನಿಲ್ಲಬೇಕು. ನಡುವಿನ ತಿಂಗಳುಗಳಲ್ಲಿ ಒಂದು ರಸೀದಿಯೇ ಆಧಾರ, ಅದಕ್ಕೂ ಕೊನೆಯ ದಿನ ಇರುತ್ತದೆ. ಕಾಂಗೋದ ರುತ್ ಎಂಬ ಹುಡುಗಿಯ ಜೊತೆ ಸೆನಾಮಿ ಒಂದು ಕೋಣೆ ಹಂಚಿಕೊಂಡಿದ್ದಳು. ಭಾನುವಾರ ಇಬ್ಬರೂ ಜೋಳದ ಮುದ್ದೆಗೆ ಒಣಮೀನಿನ ಸಾರು ಮಾಡಿದರೆ ಮನೆ ಮಾಲೀಕನ ಹೆಂಡತಿ ಕಿಟಕಿಗಳನ್ನೆಲ್ಲ ಧಡಾರನೆ ಮುಚ್ಚುತ್ತಿದ್ದಳು.

ಆಮೇಲೆ ಆ ಫೆಬ್ರವರಿ ಬಂತು. ಕಪ್ಪು ಜನರು ಬಂದು ದೇಶ ತುಂಬುತ್ತಿದ್ದಾರೆ, ಓಡಿಸಬೇಕು ಎಂದು ನಮ್ಮ ಊರುಗಳಲ್ಲಿ ಮಾತು ಕೆಟ್ಟಿತು. ಮಾತು ಕೆಟ್ಟ ಮೇಲೆ ಕೈ ಕೆಡಲು ತಡವಾಗಲಿಲ್ಲ. ಬಸ್ ನಿಲ್ದಾಣದ ಹತ್ತಿರ ಯಾರೋ ಎಸೆದ ಕಲ್ಲು ರುತ್‌ಳ ಹಣೆ ಸೀಳಿತು. ಅದೇ ವಾರ ಮನೆ ಮಾಲೀಕ ಇಬ್ಬರ ಚೀಲಗಳನ್ನೂ ಮೆಟ್ಟಿಲ ಮೇಲೆ ತಂದಿಟ್ಟ. ಅವನು ಬೈಯಲಿಲ್ಲ, ನೆಲ ನೋಡುತ್ತಾ ನಿಂತಿದ್ದ ಎಂದು ಸೆನಾಮಿ ನೆನೆಯುತ್ತಾಳೆ. ರುತ್ ವಿಮಾನ ಹತ್ತಿದಳು. ಊರಿಗೆ ಮರಳುವವರ ಜೊತೆ ಹೋಗಲು ಸೆನಾಮಿಗೂ ಅವಕಾಶವಿತ್ತು. ಹೋಗಲಿಲ್ಲ.

“ಹೋಗಿ ಅಮ್ಮನಿಗೆ ಏನಂತ ಹೇಳ್ಲಿ? ಡಾಕ್ಟರೇಟೂ ಮುಗೀಲಿಲ್ಲ, ನಾಯಿಗಳೂ ಅರ್ಧಕ್ಕೆ ನಿಂತ್ವು ಅಂತಲಾ?”

ಸಂಶೋಧನೆಯ ಮುಖ್ಯಸ್ಥೆ, ಪ್ರಾಧ್ಯಾಪಕಿ ರಾಧಿಯಾ ಜಝೀರಿ, ಕಾಲೇಜಿನ ನಾಯಿಮನೆಯ ಪಕ್ಕದ ಉಗ್ರಾಣದ ಬೀಗದ ಕೈ ಕೊಟ್ಟರು. ತನ್ನನ್ನು ಯಾರೂ ಕೇಳಿಲ್ಲ, ತಾನೂ ಏನೂ ಹೇಳಿಲ್ಲ ಎಂದಷ್ಟೇ ಅಂದರಂತೆ. ಚಳಿ ಮುಗಿಯುವವರೆಗೆ ಸೆನಾಮಿ ಆಹಾರದ ಮೂಟೆಗಳ ನಡುವೆ ಮಲಗಿದಳು. ಹೊರಗೆ ಹೆಜ್ಜೆ ಸದ್ದಾದರೆ ನಾಯಿಗಳು ಬೊಗಳುತ್ತಿದ್ದವು. ಅವು ಸುಮ್ಮನಿದ್ದ ಹೊತ್ತಿನಲ್ಲಿ ಮಾತ್ರ ಅವಳಿಗೆ ನಿದ್ದೆ.

ತಿಂಗಳ ಪರೀಕ್ಷೆ ನಿಲ್ಲಿಸುವಂತಿರಲಿಲ್ಲ. ಆದರೆ ಕೆಲವು ಮನೆಗಳ ಬಾಗಿಲು ತೆರೆಯಲಿಲ್ಲ. ಒಂದು ಮನೆಯವರು ಒಳಗಿನಿಂದಲೇ ನಾಯಿ ಸತ್ತುಹೋಯಿತು ಎಂದರು. ಅವರ ಬೆನ್ನ ಹಿಂದೆಯೇ ಆ ನಾಯಿ ಇವಳ ವಾಸನೆ ಹಿಡಿದು ಬೊಗಳುತ್ತಿತ್ತು.

ಬಾಗಿಲು ಮುಚ್ಚದವರಲ್ಲಿ ಮೊದಲಿಗಳು ಮೋಂಜಿಯಾ. ಊರಿಗೆಲ್ಲ ಆಕೆ ಖಾಲ್ತಿ, ಅಂದರೆ ಚಿಕ್ಕಮ್ಮ. ರಸ್ತೆಬದಿಯ ಮಣ್ಣಿನ ಒಲೆಯಲ್ಲಿ ರೊಟ್ಟಿ ಸುಟ್ಟು ಮಾರುವ ವಿಧವೆ. ಆಕೆಯ ಬೊಂದೊಕ್ ಸಂಶೋಧನೆಯ ನಾಯಿಗಳಲ್ಲೇ ಹಿರಿಯ. ಕಿವಿ ಪೂರ್ತಿ ಹೋಗಿದ್ದರೂ ಬಟ್ಟಲಿನ ಪರೀಕ್ಷೆಯಲ್ಲಿ ಒಮ್ಮೆಯೂ ತಪ್ಪಿದ್ದಿಲ್ಲ. ಆ ದಿನಗಳಲ್ಲಿ ಖಾಲ್ತಿ ತನ್ನ ಶಾಲನ್ನು ಸೆನಾಮಿಗೆ ಹೊದಿಸಿ, ತಾನೇ ವ್ಯಾನಿನವರೆಗೆ ಬಿಟ್ಟು ಬರುತ್ತಿದ್ದಳು.

“ಯಾರಾದ್ರೂ ಕೇಳಿದ್ರೆ ನನ್ನ ಸೊಸೆ ಅನ್ನು” ಎಂದಿದ್ದಳು.

“ಖಾಲ್ತಿ, ನಿಮ್ಮ ಮಗನಿಗೆ ಮದ್ವೇನೇ ಆಗಿಲ್ವಲ್ಲ.”

“ಅದಕ್ಕೇ ಹೇಳಿದ್ದು. ಈ ನೆಪದಲ್ಲಾದ್ರೂ ಆಗ್ಲಿ.”

ಏಪ್ರಿಲ್‌ನಲ್ಲಿ ಬಂದೂಕಿನವರು ಬಂದರು. ಬೀದಿನಾಯಿಗಳು ಹೆಚ್ಚಾದವೆಂದು ಪುರಸಭೆಗೆ ದೂರು ಹೋದರೆ ನಮ್ಮ ಕಡೆ ಹೀಗೆಯೇ. ಬೆಳಕು ಹರಿಯುವ ಮುಂಚೆ ಒಂದು ಲಾರಿ, ಒಂದೆರಡು ಬಂದೂಕು, ಹಿಂದೆ ಪೊಲೀಸ್ ಜೀಪು. ಯಾವುದು ಬೀದಿಯದು, ಯಾವುದು ಮನೆಯದು ಎಂದು ಆ ಹೊತ್ತಿನಲ್ಲಿ ಯಾರೂ ವಿಚಾರಿಸುವುದಿಲ್ಲ.

ಸೆನಾಮಿ ತಿರುವಿನಲ್ಲಿ ವ್ಯಾನಿಳಿದು ನಡೆದು ಬರುತ್ತಿದ್ದಳು. ಗುಂಡಿನ ಸದ್ದು ಕೇಳಿದ್ದೇ ಪಾಪಾಸುಕಳ್ಳಿಯ ಬೇಲಿಯ ಹಿಂದೆ ಕೂತಳು. ಮುಂದೆ ರಸ್ತೆಯ ಅಂಚಿನಲ್ಲಿ, ರೊಟ್ಟಿ ಕೊಳ್ಳುವವರು ಬರುವ ದಿಕ್ಕಿಗೆ ಮುಖ ಮಾಡಿ ಬೊಂದೊಕ್ ಕೂತಿತ್ತು. ಬೆನ್ನ ಹಿಂದೆ ಬಂದು ನಿಂತ ಲಾರಿಯ ಸದ್ದು ಅದಕ್ಕೆ ಕೇಳಿಸಲಿಲ್ಲ. ಸೆನಾಮಿಯ ರಸೀದಿಯ ಗಡುವು ಹಿಂದಿನ ವಾರವಷ್ಟೇ ಮುಗಿದಿತ್ತು.

ಈ ಭಾಗ ಹೇಳುವಾಗ ಅವಳು ನನ್ನ ಮುಖ ನೋಡುವುದಿಲ್ಲ. ಬಟ್ಟಲುಗಳನ್ನು ಒರೆಸುತ್ತಾ ಇರುತ್ತಾಳೆ.

“ಕೊರಳಲ್ಲಿ ಕೆಂಪು ಪಟ್ಟಿ ಇದೆ, ಮನೆ ನಾಯಿ ಅದು ಅಂತ ಒಂದು ಮಾತು ಕೂಗಿದ್ರೆ ಸಾಕಿತ್ತು. ಕೂಗಿದ್ರೆ ಜೀಪಿನವರು ನನ್ನ ಕಾಗದ ಕೇಳ್ತಿದ್ರು. ಬಾಯಿ ತೆಗೆದೆ. ದನಿ ಬರ್ಲಿಲ್ಲ. ಬರ್ಲಿಲ್ಲ ಅನ್ನೋದೂ ಸುಳ್ಳು, ನಾನೇ ತಡೆದೆ.”

ಮೊದಲ ಗುಂಡಿಗೆ ಬೊಂದೊಕ್ ಸಾಯಲಿಲ್ಲ. ಎದ್ದು ಮನೆಯ ಕಡೆ ತಿರುಗಿತು. ಎರಡನೆಯದಕ್ಕೆ ಬಿತ್ತು. ಕಾಲು ಹಿಡಿದೆತ್ತಿ ಲಾರಿಗೆ ಎಸೆದು ಅವರು ಮುಂದೆ ಹೋದರು. ಖಾಲ್ತಿ ಹಿಟ್ಟಿನ ಕೈಯಲ್ಲೇ ಓಡಿ ಬರುವಷ್ಟರಲ್ಲಿ ರಸ್ತೆಯಲ್ಲಿ ರಕ್ತ ಮಾತ್ರ ಉಳಿದಿತ್ತು. ಬೇಲಿಯ ಹಿಂದಿನಿಂದ ಎದ್ದ ಸೆನಾಮಿ ಅಲ್ಲಿಂದ ಸುಮ್ಮನೆ ಹಿಂತಿರುಗಬಹುದಿತ್ತು, ಅವಳು ಅಲ್ಲಿದ್ದದ್ದು ಯಾರಿಗೂ ಗೊತ್ತಿರಲಿಲ್ಲ. ಅವಳು ಖಾಲ್ತಿಯ ಎದುರು ನಿಂತು ನಡೆದದ್ದನ್ನೆಲ್ಲ, ತಾನು ಅಡಗಿದ್ದನ್ನೂ ಸೇರಿಸಿ, ಹೇಳಿದಳು.

ಒಲೆಯಲ್ಲಿ ರೊಟ್ಟಿ ಕರಕಾಗುವ ವಾಸನೆ ಬರುತ್ತಿತ್ತು.

“ಅದು ಮುದಿನಾಯಿ, ನೀನು ಯಾರೋ ಹೆತ್ತ ಮಗಳು. ನೀನು ಹೊರಗೆ ಬರ್ದೇ ಇದ್ದಿದ್ದೇ ಸರಿ” ಎಂದಳು ಖಾಲ್ತಿ ಕೊನೆಗೆ. “ಆದ್ರೆ ಸ್ವಲ್ಪ ದಿನ ಈ ಕಡೆ ಬರ್ಬೇಡ ಮಗಳೇ. ನಿನ್ನ ನೋಡಿದ್ರೆ ಅದು ನೆನಪಾಗುತ್ತೆ.”

ಕಾಲೇಜಿನಲ್ಲಿ ಬೊಂದೊಕ್‌ನ ಹೆಸರನ್ನು ಪಟ್ಟಿಯಿಂದ ತೆಗೆದರು. ಸಂಶೋಧನೆ ಮುಪ್ಪಿನದು, ಗುಂಡಿನದಲ್ಲ. ಆ ವರ್ಷ ಅವಳ ನಾಯಿಗಳಲ್ಲಿ ಕಾಯಿಲೆಗಿಂತ ಗುಂಡಿಗೆ ಹೋದವೇ ಹೆಚ್ಚು. ಇದನ್ನು ಒಂದು ಸಾಲಿನಲ್ಲಾದರೂ ಬರೆಯಿರಿ ಎಂದು ಸೆನಾಮಿ ಬೇಡಿದಳು. ರಾಧಿಯಾ ಒಪ್ಪಿ ಬರೆದರು, ಮೇಲಿನವರು ಓದಿ ತೆಗೆಸಿದರು.

“ಅವರದ್ದೂ ತಪ್ಪಲ್ಲ, ಬಿಡಿ. ಏನು ತಿಂದ್ರೆ ನಾಯಿ ಹೆಚ್ಚು ದಿನ ಬಾಳುತ್ತೆ, ಎಷ್ಟು ಓಡಾಡ್ಬೇಕು, ಎಲ್ಲಾ ಅಳೆದಿದೀನಿ. ಆದ್ರೆ ನನ್ನ ಕೇಳಿದ್ರೆ, ನಾಯಿಗೆ ಬೇಕಾಗಿರೋದು ಒಂದು ಬಾಗಿಲು. ಅದನ್ನ ಹೊತ್ತಿಗೆ ಸರಿಯಾಗಿ ಹಾಕೋರು ಒಬ್ರು.”

ಆಲಿವ್ ಕೊಯ್ಲಿನ ಕಾಲಕ್ಕೆ ಸೆನಾಮಿ ಒಂದು ದಿನ ರೊಟ್ಟಿ ಕೊಳ್ಳುವವರ ಸಾಲಿನಲ್ಲಿ ಹೋಗಿ ನಿಂತಳು. ಖಾಲ್ತಿ ರೊಟ್ಟಿ ಕೊಟ್ಟು, ಒಳಗೆ ಕರೆದು ಚಹಾನೂ ಕೊಟ್ಟಳು. ಕ್ಷಮಿಸಿದಿರಾ ಎಂದು ನಾನೇ ಆಕೆಯನ್ನು ಕೇಳಿದೆ. “ಕ್ಷಮೆ ದೊಡ್ಡ ಮಾತು. ಚಳಿಯಲ್ಲಿ ನಿಂತಿದ್ಲು, ಒಳಗೆ ಕರೆದೆ” ಎಂದಳು. ಆ ಮನೆಯಲ್ಲಿ ಮತ್ತೆ ನಾಯಿ ಸಾಕಿಲ್ಲ.

ಸೆನಾಮಿ ಈಗ ನೈಜರ್‌ನ ಇಬ್ಬರು ವಿದ್ಯಾರ್ಥಿನಿಯರ ಜೊತೆ ಬೇರೆ ಕಡೆ ಇದ್ದಾಳೆ. ಈ ಸಲದ ವಾಸದ ಚೀಟಿ ಕೈಗೆ ಬಂದಿದೆ, ಬೇಸಿಗೆಯವರೆಗೆ ನಡೆಯುತ್ತದೆ. ಮಹಾಪ್ರಬಂಧ ಮುಗಿಯುತ್ತಾ ಬಂದಿದೆ. ಮುಗಿದ ಮೇಲೆ ಕೆಲಸ ಎಲ್ಲಿ ಎಂದರೆ ಭುಜ ಕುಣಿಸುತ್ತಾಳೆ. ರುತ್ ಓದು ಮುಂದುವರಿಸಲಿಲ್ಲ, ಫೋನು ಮಾಡಿದರೂ ಎತ್ತುವುದು ಕಡಿಮೆ. ಆಸೆ ಏನಾದರೂ ಇದೆಯೇ ಎಂದು ಕೇಳಿದಾಗ ಅವಳು ಕಳೆದ ತಿಂಗಳ ಒಂದು ಸಂಗತಿ ಹೇಳಿದಳು. ಬೆಟ್ಟದ ಬುಡದ ಮನೆಯೊಂದರಿಂದ ಬೆಳಿಗ್ಗೆ ಫೋನು ಬಂತಂತೆ. ಸಮ್ರಾ ಎಂಬ ಅವರ ನಾಯಿ ನಿಂಬೆಗಿಡದ ಕೆಳಗೆ ನಿದ್ದೆಯಲ್ಲೇ ಹೋಗಿತ್ತು. ಮನೆಮಂದಿ ಅಳುತ್ತಿದ್ದರು. ಸೆನಾಮಿ ಹೋಗಿ ಅವರ ಜೊತೆ ಕೂತು, ಗುಂಡಿ ತೋಡಲು ಕೈಜೋಡಿಸಿದಳು.

“ಅವರೆದುರಿಗೆ ತೋರಿಸ್ಕೊಳ್ಳೋ ಹಾಗಿರ್ಲಿಲ್ಲ, ಆದ್ರೆ ಒಳಗೊಳಗೇ ನನಗೆ ಖುಷಿ ಆಗ್ತಿತ್ತು. ವಾಪಸ್ ಬಂದು, ಸತ್ತಿದ್ದಕ್ಕೆ ಕಾರಣ ಅನ್ನೋ ಜಾಗದಲ್ಲಿ ‘ಮುಪ್ಪು’ ಅಂತ ಬರೆದೆ. ಈ ಊರಲ್ಲಿ ಆ ಪದ ನಾನು ಬರೆದಿದ್ದು ಅದೇ ಮೊದಲು.”