ವನಮಾಲಾ ಮೇಡಂ ಆರಿಸಿದ ದೀಪ

ಆರಿದ ಬತ್ತಿಯ ವಾಸನೆ ಮೂಗಿಗೆ ಬಡಿದರೆ ಸಾಕು, ನನ್ನ ಬಲಗೈ ತಾನಾಗಿ ಬೆನ್ನ ಹಿಂದೆ ಹೋಗಿ ಅಡಗಿಕೊಳ್ಳುತ್ತದೆ. ನಗಬೇಡಿ. ಕೆಲವರಿಗೆ ಜಿರಳೆ ಕಂಡರೆ ಆಗುವುದಿಲ್ಲ, ಕೆಲವರಿಗೆ ಇಂಜೆಕ್ಷನ್ನು, ನನಗೆ ಇದು. ಇವತ್ತು ಸಂಜೆ ಅತ್ತೆಯವರು ದೇವರಿಗೆ ದೀಪ ಹಚ್ಚಿ ಆಚೆ ಬಂದಿದ್ದರು. ನಾನು ನೋಡದೆ ಫ್ಯಾನ್ ಹಾಕಿದೆ. ದೀಪ ಹೋಯಿತು. ಸುಟ್ಟ ಹತ್ತಿ, ಎಣ್ಣೆ, ಒಂದೆಳೆ ಹೊಗೆ. "ಎಂತ ಮಾಡಿದ್ಯೆ ಮಾರಾಯ್ತಿ, ಮುಸ್ಸಂಜೇಲಿ!" ಎಂದು ಅತ್ತೆ ಕೂಗಿಕೊಂಡರು. ನಾನು ನನ್ನ ಬಲಗೈಯನ್ನೇ ನೋಡುತ್ತ ನಿಂತೆ. ಇವಳಿಗೆ ಏನಾಯಿತಪ್ಪಾ ಎಂದು ಅವರು ಗಾಬರಿಯಾದರು. ಏನಾಯಿತು ಎಂಬುದನ್ನು ಅವರಿಗೆ ಇನ್ನೂ ಹೇಳಿಲ್ಲ. ನಿಮಗೆ ಹೇಳುತ್ತೇನೆ, ಯಾಕೆಂದರೆ ಹೋದ ಭಾನುವಾರ ತಿಂದ ಪೆಟ್ಟಿನಿಂದ ನಾನಿನ್ನೂ ಸುಧಾರಿಸಿಕೊಂಡಿಲ್ಲ.

ನಾನು ತೀರ್ಥಹಳ್ಳಿ ಕಡೆಯವಳು. ಅಪ್ಪನದು ಬಸ್‌ಸ್ಟ್ಯಾಂಡ್ ಪಕ್ಕ ಟೈಲರಿಂಗ್ ಅಂಗಡಿ. ಡಿಗ್ರಿ ಓದಲು ಸಾಗರಕ್ಕೆ ಬಂದು ಹುಡುಗಿಯರ ಒಂದು ಖಾಸಗಿ ಹಾಸ್ಟೆಲ್ಲಿಗೆ ಸೇರಿದ್ದೆ. ತತ್ವಶಾಸ್ತ್ರ ತೆಗೆದುಕೊಂಡದ್ದು ಜ್ಞಾನದ ಹಸಿವಿನಿಂದೇನಲ್ಲ. ಅರ್ಥಶಾಸ್ತ್ರದ ಸೀಟು ಭರ್ತಿಯಾಗಿತ್ತು. ಆಫೀಸಿನ ಗುಮಾಸ್ತರು ಕನ್ನಡಕದ ಮೇಲಿಂದ ನೋಡಿ, "ಇದು ತಗಳಮ್ಮ, ಸುಲಭ. ದೇವರ ವಿಷಯ, ಮನೇಲಿ ಅಜ್ಜಿ ಹೇಳಿದ್ದೇ ಬರುತ್ತೆ" ಎಂದರು. ಆ ಪುಣ್ಯಾತ್ಮರು ಒಂದು ದಿನವಾದರೂ ವನಮಾಲಾ ಮೇಡಂ ಕ್ಲಾಸಿನಲ್ಲಿ ಕೂತಿರಬೇಕಿತ್ತು.

ಮೇಡಂ ದಿನಾ ಹೊಸನಗರದಿಂದ ಪ್ರೈವೇಟ್ ಬಸ್ಸಿನಲ್ಲಿ ಬರುತ್ತಿದ್ದರು. ಮದುವೆಯಾಗಿರಲಿಲ್ಲ, ಮನೆಯಲ್ಲಿ ವಯಸ್ಸಾದ ತಾಯಿ. ಗಂಜಿ ಹಾಕಿದ ಕಾಟನ್ ಸೀರೆ, ಗಂಜಿ ಹಾಕಿದಂಥದ್ದೇ ಮಾತು. ಮೊದಲ ದಿನವೇ ಬೋರ್ಡಿನ ಮೇಲೆ 'ದೇವರಿದ್ದಾನೆಯೇ?' ಎಂದು ಬರೆದು, "ಯಾರಾದ್ರೂ ಸಾಧಿಸಿ ತೋರ್ಸಿ ನೋಡನ" ಎಂದು ಕುರ್ಚಿ ಎಳೆದುಕೊಂಡು ಕೂತರು. ಅಂಥದ್ದೊಂದು ಮಾತಿನ ಕೊನೆಯಲ್ಲಿ ಪ್ರಶ್ನಾರ್ಥಕ ಚಿಹ್ನೆ ಇರಬಹುದು ಎಂದೇ ನಾವು ಎಣಿಸಿರಲಿಲ್ಲ.

ತುಮರಿಯ ಹುಡುಗಿಯೊಬ್ಬಳು ಧೈರ್ಯ ಮಾಡಿ ಎದ್ದಳು. ಆಗಿನ್ನೂ ಹಿನ್ನೀರಿಗೆ ಸೇತುವೆ ಆಗಿರಲಿಲ್ಲ, ಅವಳು ಊರಿಗೆ ಹೋಗಬೇಕಾದರೆ ನೀರು ದಾಟಿಸುವ ಲಾಂಚೇ ಗತಿ. "ಲಾಂಚ್ ಇದೆ ಅಂದ್ಮೇಲೆ ಅದನ್ನ ಕಟ್ಟಿದವ್ರು ಇರ್ಲೇಬೇಕಲ್ಲ ಮೇಡಂ? ಹಂಗೇ ಲೋಕ ಇದೆ ಅಂದ್ಮೇಲೆ..." ಮೇಡಂ ತಲೆದೂಗಿದರು. "ವಾದ ಚೆನ್ನಾಗಿದೆ ಕಣೆ. ಆದ್ರೆ ನಿಮ್ಮೂರ ಲಾಂಚನ್ನ ಒಬ್ಬನೇ ಕಟ್ಟಿದ್ನಾ? ವೆಲ್ಡಿಂಗಿನವ, ಇಂಜಿನ್ನಿನವ, ಬಣ್ಣ ಹೊಡೆಯುವವ, ಎಷ್ಟು ಜನ! ಹಾಗಾದ್ರೆ ದೇವರೂ ಅಷ್ಟು ಜನ ಇರ್ಬೇಕಾಯ್ತಲ್ಲ?" ಅವಳು ಒಂಚೂರೂ ತಬ್ಬಿಬ್ಬಾಗದೆ, "ಹೌದಲ್ಲ ಮೇಡಂ, ನಮ್ಮೂರಲ್ಲಿ ಅಷ್ಟು ಜನ ಇದಾರೆ" ಎಂದಳು. ಮೇಡಂ ಬಿದ್ದು ಬಿದ್ದು ನಕ್ಕಿದ್ದನ್ನು ನಾನು ಕಂಡದ್ದು ಅವತ್ತೊಂದೇ ದಿನ.

ತರ್ಕಶಾಸ್ತ್ರಕ್ಕೆ ಬಂದಾಗ ಇನ್ನೂ ಗಮ್ಮತ್ತು. "ಮಳೆ ಬಂದ್ರೆ ಅಂಗಳ ಒದ್ದೆ ಆಗ್ತದೆ. ಈಗ ಅಂಗಳ ಒದ್ದೆ ಇದೆ. ಹಾಗಾದ್ರೆ ಮಳೆ ಬಂದಿದ್ಯಾ?" ಎಂದು ಕೇಳಿದರು. ಆಷಾಢದಲ್ಲಿ ಸಾಗರದಲ್ಲಿ ಕೂತು ಬೇರೆ ಏನು ಹೇಳಲಿಕ್ಕಾಗುತ್ತದೆ? "ಬಂದಿದೆ ಮೇಡಂ!" ಎಂದು ಇಡೀ ಕ್ಲಾಸು ಕೂಗಿತು. "ಮಂಕುಗಳಾ, ನಿಮ್ಮಮ್ಮ ಸಗಣಿ ನೀರು ಹಾಕಿರ್ಬೋದಲ್ಲ!" ಇನ್ನೊಂದು ದಿನದ ಪಾಠ ಕಾಗೆಯದು. ಕಾಗೆ ಕೂತಿತು, ಕೊಂಬೆ ಮುರಿಯಿತು. ಕಾಗೆ ಕೂತ ಮೇಲೆ ಮುರಿಯಿತು ಎಂದ ಮಾತ್ರಕ್ಕೆ ಕಾಗೆಯಿಂದ ಮುರಿಯಿತು ಎಂದಲ್ಲ. ನಮ್ಮ ಅರ್ಧ ಹರಕೆಗಳು, ಮುಕ್ಕಾಲು ಭಯಗಳು ಈ ಕಾಗೆಯ ಬೆನ್ನ ಮೇಲೇ ಕೂತಿವೆ ಎಂದು ಮೇಡಂ ಹೇಳುತ್ತಿದ್ದರು. ನಾನು ಅಂಥ ಮಾತುಗಳನ್ನೆಲ್ಲ ಗಬಗಬ ನುಂಗಿದೆ. ಹಬ್ಬಕ್ಕೆ ಊರಿಗೆ ಹೋದವಳು ಅಮ್ಮನಿಗೆ, "ದೇವರಿಗೆ ಕಾರಣ ಯಾರು ಹೇಳು ನೋಡನ" ಎಂದು ಕೇಳಿ ಬೈಸಿಕೊಂಡೆ. ಹತ್ತೊಂಬತ್ತರ ವಯಸ್ಸು, ಪುಸ್ತಕದ ಮೊದಲೆರಡು ಅಧ್ಯಾಯ ಓದಿಯಾಗಿತ್ತು. ಇನ್ನು ಕೇಳಬೇಕೇ?

ಹೀಗಿರುವಾಗ ಹಾಸ್ಟೆಲ್ಲಿನಲ್ಲಿ ನಯನಾ ಎಂಬ ಹುಡುಗಿಯ ಚಿನ್ನದ ಜುಮುಕಿ ಕಳೆದುಹೋಯಿತು. ಅಕ್ಕನ ಮದುವೆಗೆಂದು ಅವಳ ಅಮ್ಮ ಕೊಟ್ಟಿದ್ದು. ಹುಡುಗಿ ಅತ್ತ ಅಳುವಿಗೆ ಊಟವೇ ಯಾರಿಗೂ ಸೇರಲಿಲ್ಲ. ಹಾಸ್ಟೆಲ್ ನೋಡಿಕೊಳ್ಳುತ್ತಿದ್ದ ರತ್ನಕ್ಕ ಪೊಲೀಸು ಗಿಲೀಸು ಬೇಡ ಎಂದು ತಾವೇ ಒಂದು ದಾರಿ ಹುಡುಕಿದರು. ನಮ್ಮ ಕಡೆ ದೀಪ 'ಆರಿಸು' ಎಂಬ ಮಾತನ್ನೇ ಆಡುವುದಿಲ್ಲ, 'ಶಾಂತ ಮಾಡು' ಎನ್ನುತ್ತಾರೆ. ಅಂಥದ್ದರಲ್ಲಿ ಉರಿಯುವ ದೀಪವನ್ನು ಬೆರಳಲ್ಲಿ ಹಿಸುಕಿ ಆಣೆ ಹಾಕುವುದೆಂದರೆ ಕೊನೆಯ ಅಸ್ತ್ರ. ಶುಕ್ರವಾರ ಬೆಳಿಗ್ಗೆ ಎಲ್ಲರೂ ತಲೆಗೆ ಸ್ನಾನ ಮಾಡಿ ಸಾಲಾಗಿ ನಿಂತೆವು. ಒಬ್ಬೊಬ್ಬಳೇ ಬಂದು ಬತ್ತಿ ಹಿಸುಕಿ, "ನಾನು ತಗಂಡಿಲ್ಲ. ಸುಳ್ಳಾಡಿದ್ರೆ ನಮ್ಮನೆ ದೀಪ ಹೀಗೇ ಆರ್ಲಿ" ಎನ್ನಬೇಕು. ರತ್ನಕ್ಕ ಮತ್ತೆ ಹಚ್ಚುವರು, ಮುಂದಿನವಳು ಬರುವಳು. ಆ ಕೋಣೆಯ ತುಂಬ ಇದೇ ವಾಸನೆ.

ನನ್ನ ಸರದಿ ಬಂತು. ನಾನು ಕೈ ಬೆನ್ನ ಹಿಂದೆ ಕಟ್ಟಿಕೊಂಡೆ. "ನಾನು ಆಣೆ ಮಾಡಲ್ಲ" ಎಂದೆ. ಯಾಕೆ ಎಂದು ಕೇಳಿದ್ದಕ್ಕೆ, "ನಂಬದ ದೇವರ ಮುಂದೆ ಆಣೆ ಹಾಕಿದ್ರೆ ಅದೇ ಒಂದು ಸುಳ್ಳಾಗುತ್ತೆ. ಸುಳ್ಳು ಹೇಳೋದು ನೈತಿಕವಾಗಿ ತಪ್ಪು" ಎಂದು ಪುಸ್ತಕದ ಭಾಷೆಯಲ್ಲಿ ವಿವರಿಸಿದೆ. ಎಲ್ಲರೂ ನನ್ನ ಧೈರ್ಯಕ್ಕೆ ಬೆರಗಾಗುತ್ತಾರೆ ಎಂದುಕೊಂಡಿದ್ದೆ. ಬೆರಗಾದದ್ದು ನಾನು. ಒಂದು ನಿಮಿಷದಲ್ಲಿ ಅಷ್ಟೂ ಮುಖಗಳು ಬದಲಾದವು. ಕದ್ದವಳು ಆಣೆ ಮಾಡುವುದಿಲ್ಲ, ಇವಳು ಆಣೆ ಮಾಡಲಿಲ್ಲ, ಆದ್ದರಿಂದ ಇವಳೇ ಕದ್ದವಳು. ಒದ್ದೆ ಅಂಗಳ!

ಸಂಜೆಯೊಳಗೆ ನನ್ನ ಟ್ರಂಕು ಬಿಚ್ಚಿ ಬಟ್ಟೆಯೆಲ್ಲ ಜಾಲಾಡಿದರು. ಏನೂ ಸಿಗದಿದ್ದದ್ದು ನನ್ನ ಚಾಲಾಕಿಗೆ ಸಾಕ್ಷಿಯಾಯಿತು. ಊಟದ ಸಾಲಿನಲ್ಲಿ ನನ್ನ ಪಕ್ಕ ಖಾಲಿ. ಅಪ್ಪನಿಗೆ ಫೋನ್ ಹೋಯಿತು, ಕರೆದುಕೊಂಡು ಹೋಗಿ ಎಂದು. ಹಾಸ್ಟೆಲ್ ಬಿಟ್ಟರೆ ನನ್ನ ಓದು ಅಲ್ಲಿಗೆ ಮುಗಿಯಿತು, ನಮ್ಮೂರಿಂದ ದಿನಾ ಓಡಾಡುವ ಮಾತೇ ಇರಲಿಲ್ಲ. ಅಪ್ಪ ಸಿಕ್ಕ ಮೊದಲ ಬಸ್ಸಿಗೆ ಬಂದರು, ಕೊರಳಲ್ಲಿ ಅಳತೆ ಟೇಪು ಹಾಗೇ ಇತ್ತು. ರತ್ನಕ್ಕನ ಮಾತು ಕೇಳಿ, ನನ್ನನ್ನು ವರಾಂಡದ ಮೂಲೆಗೆ ಕರೆದರು. "ಆಣೆ ಮಾಡಿಬಿಡೆ ಮಗಾ, ಎಂತ ಕಷ್ಟ?" ಎಂದರು. ನಾನು ತಲೆಯಾಡಿಸಿದೆ. ಆಗ ದನಿ ತಗ್ಗಿಸಿ, "ತಗಂಡಿದ್ಯಾ?" ಎಂದು ಕೇಳಿದರು. ಅಯ್ಯೋ, ನನ್ನಪ್ಪ! ಆ ಒಂದು ಪದ ಇವತ್ತಿಗೂ ಕಿವಿಯಲ್ಲಿದೆ. ಅವರು ಈಗಿಲ್ಲ, ಅವರ ಮೇಲೆ ಸಿಟ್ಟೂ ಇಲ್ಲ, ಪದ ಮಾತ್ರ ಇದೆ.

ಅಷ್ಟು ಹೊತ್ತಿಗೆ ಗೇಟು ತೆಗೆದುಕೊಂಡು ವನಮಾಲಾ ಮೇಡಂ ಬಂದರು. ಯಾರು ಹೇಳಿದ್ದರೋ. ನನಗೆ ಹೋದ ಜೀವ ಬಂದಂತಾಯಿತು. ಈಗ ಇವರು ಮಳೆ, ಅಂಗಳ, ಸಗಣಿ ನೀರು ಎಲ್ಲ ವಿವರಿಸಿ ಎಲ್ಲರ ಬಾಯಿ ಮುಚ್ಚಿಸುತ್ತಾರೆ ಎಂದು ಕಾದೆ. ಮೇಡಂ ನನ್ನನ್ನು ಒಂದೇ ಒಂದು ಮಾತು ಕೇಳಲಿಲ್ಲ. ಒಂದು ಸಲ ದೀರ್ಘವಾಗಿ ನೋಡಿದರು. "ಬೆಂಕಿಪೊಟ್ಟಣ ಎಲ್ಲಿದೆ ರತ್ನಮ್ಮ?" ಎಂದು ಕೇಳಿ, ಚಪ್ಪಲಿ ಬಿಟ್ಟು ಒಳಗೆ ಹೋಗಿ ತಾವೇ ದೀಪ ಹಚ್ಚಿದರು. ಬತ್ತಿ ಹಿಸುಕಿದರು. "ಈ ಹುಡುಗಿ ಕದ್ದಿಲ್ಲ. ಸುಳ್ಳಾಗಿದ್ರೆ ನಮ್ಮನೆ ದೀಪ ಹೀಗೇ ಆರ್ಲಿ."

ದೇವರನ್ನು ಬೋರ್ಡಿನ ಮೇಲೆ ಬರೆದು ಡಸ್ಟರಿನಿಂದ ಒರೆಸುತ್ತಿದ್ದ ಮೇಡಂ! ಹಿಂದಿನಿಂದ ಯಾರೋ, "ಇವ್ರ ಆಣೆ ನಡೀತದಾ?" ಎಂದು ಪಿಸುಗುಟ್ಟಿದರು. ರತ್ನಕ್ಕ ತಿರುಗಿ ಗದರಿದರು: "ಮನೇಲಿ ವಯಸ್ಸಾದ ತಾಯಿ ಇದಾರೆ ಅವ್ರಿಗೆ. ಸುಮ್‌ಸುಮ್ನೆ ಯಾರಾದ್ರೂ ಹಂಗಂತಾರಾ?" ಅಲ್ಲಿಗೆ ಪ್ರಕರಣ ಮುಗಿಯಿತು. ನಾನು ಉಳಿದೆ. ಗೇಟಿನವರೆಗೆ ಓಡಿಹೋಗಿ, "ಮೇಡಂ, ನೀವೇ ಹಿಂಗೆ ಮಾಡೋದಾ?" ಎಂದೆ. "ಪರೀಕ್ಷೆ ಹತ್ರ ಬಂತು, ಓದ್ಕೋ ಹೋಗು" ಎಂದು ಹೊರಟೇಹೋದರು. ಜುಮುಕಿ ಎಲ್ಲಿ ಹೋಯಿತು ಎಂದು ಕೇಳಬೇಡಿ. ಇವತ್ತಿಗೂ ಯಾರಿಗೂ ಗೊತ್ತಿಲ್ಲ.

ಮುಂದಿನ ಮಳೆಗಾಲದಲ್ಲಿ ಮೇಡಂ ಅವರ ತಾಯಿ ತೀರಿಕೊಂಡರು. ಹೃದಯದ ತೊಂದರೆ ಮೊದಲಿಂದಲೂ ಇತ್ತಂತೆ. ನಾವೆಲ್ಲ ವ್ಯಾನು ಮಾಡಿಕೊಂಡು ಹೊಸನಗರಕ್ಕೆ ಹೋಗಿಬಂದೆವು. ಮೇಡಂ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ದುಃಖದಲ್ಲಿದ್ದಾರೆ ಎಂದುಕೊಂಡೆ.

ಈಗ ನಾನೇ ಆನಂದಪುರದ ಹತ್ತಿರದ ಶಾಲೆಯೊಂದರಲ್ಲಿ ಟೀಚರು. ಶಿಕ್ಷಕರ ದಿನಾಚರಣೆ ಬಂತೆಂದರೆ ನನ್ನದು ಒಂದೇ ಭಾಷಣ, ಸಹೋದ್ಯೋಗಿಗಳಿಗೆ ಬಾಯಿಪಾಠವಾಗಿದೆ. "ನನ್ನ ಗುರುಗಳು ದೇವರಿಗೂ ಪುರಾವೆ ಕೇಳಿದವರು. ಆದರೆ ಹೆತ್ತ ಅಪ್ಪನೇ ಅನುಮಾನಿಸಿದಾಗ ಒಂದು ಪುರಾವೆಯನ್ನೂ ಕೇಳದೆ ನನ್ನನ್ನು ನಂಬಿದರು." ಇಲ್ಲಿ ನನ್ನ ದನಿ ಒಡೆಯುತ್ತದೆ, ಚಪ್ಪಾಳೆ ಬೀಳುತ್ತದೆ.

ಹೋದ ಭಾನುವಾರ ಹೊಸನಗರದಲ್ಲಿ ಒಂದು ಗೃಹಪ್ರವೇಶವಿತ್ತು. ಊಟ ಮುಗಿಸಿ ಮೇಡಂ ಮನೆ ಹುಡುಕಿಕೊಂಡು ಹೋದೆ. ನಿವೃತ್ತರಾಗಿ ತಮ್ಮನ ಸಂಸಾರದ ಜೊತೆ ಇದ್ದಾರೆ. ಮನೆ ತುಂಬ ಮಕ್ಕಳ ಗಲಾಟೆ. ಅವರ ಕೋಣೆಯ ಗೋಡೆಯ ಮೇಲೆ ತಾಯಿಯ ಫೋಟೋ, ಅದರ ಕೆಳಗೆ ಕೆಂಪನೆಯ ಒಂದು ಪುಟ್ಟ ಬಲ್ಬು. ನಡು ಮಧ್ಯಾಹ್ನವೂ ಉರಿಯುತ್ತಿತ್ತು. "ಕರೆಂಟ್ ಹೋದ್ರೂ ಆರಬಾರ್ದು ಅಂತ ಅಕ್ಕ ಅದನ್ನ ಬ್ಯಾಟರಿ ಯುಪಿಎಸ್‌ಗೆ ಕೊಡ್ಸಿದಾರೆ" ಎಂದು ಕಾಫಿ ತಂದ ತಮ್ಮನ ಹೆಂಡತಿ ನಗುತ್ತ ಹೇಳಿ ಹೋದರು. ನನಗೆ ಆಶ್ಚರ್ಯವಾಯಿತು, ಕೇಳಲಿಲ್ಲ. ನನ್ನ ಭಾಷಣದ ಅವಸರ ನನಗೆ. ಅದನ್ನೇ ಮೇಡಂ ಎದುರು ಹೇಳಿದೆ, ದನಿ ಒಡೆಯುವ ಜಾಗದಲ್ಲಿ ಒಡೆಯಿತು ಕೂಡ.

ಮೇಡಂ ಕಾಫಿ ಲೋಟ ಕೆಳಗಿಟ್ಟರು. ಬಹಳ ಮೆತ್ತಗೆ ಕೇಳಿದರು: "ಆ ಜುಮುಕಿ ಕೊನೆಗೆ ಎಂತ ಮಾಡಿದೆ?"

"ಯಾವ ಜುಮುಕಿ ಮೇಡಂ?"

"ನೀನು ತಗಂಡಿದ್ದು."

ಮಕ್ಕಳ ಗಲಾಟೆ ಎಲ್ಲೋ ದೂರಕ್ಕೆ ಹೋಯಿತು. ಇಷ್ಟು ವರ್ಷ, ಆ ಚಪ್ಪಾಳೆ, ಆ ಭಾಷಣ! "ಮೇಡಂ... ನಾನೇ ಕದ್ದಿದ್ದು ಅಂದ್ಕಂಡಿದ್ರಾ?"

"ಮತ್ತೆ? ಆಣೆ ಮಾಡಲ್ಲ ಅಂದೆಯಂತೆ. ಕದ್ದಿಲ್ದೇ ಇದ್ರೆ ಯಾರಾದ್ರೂ ಹಂಗಂತಾರಾ?"

"ಅಂಗಳ ಒದ್ದೆ ಇತ್ತು ಅಂತ ಮಳೆ ಬಂತು ಅಂದ್ರಾ? ನೀವು? ನೀವು ಮೇಡಂ?" ನಾನು ಬಹುಶಃ ಕೂಗಿದೆ.

ಅವರ ಮುಖ ಬೆಳ್ಳಗಾಯಿತು. ಕಳ್ಳಿ ಎಂದುಕೊಂಡೂ ಯಾಕೆ ಆಣೆ ಮಾಡಿದಿರಿ ಎಂದು ಕೇಳಿದೆ. "ಒಂದು ಜುಮುಕಿಗೆ ಒಂದು ಹುಡುಗಿ ಓದು ಹಾಳಾಗೋದಾ ಅನ್ನಿಸ್ತು. ನಿನ್ನಪ್ಪನ ಕೊರಳಲ್ಲಿ ಆ ಟೇಪ್ ಬೇರೆ. ದೇವರೇ ಇಲ್ಲ ಅಂದ್ಮೇಲೆ ಆಣೆಗೆ ಎಂತ ಹೆದರಿಕೆ ಅಂತ ದೀಪ ಹಿಸುಕ್ದೆ." ಫೋಟೋ ಕಡೆ ನೋಡದೆ ಹೇಳಿದರು, "ಆಮೇಲೆ ಅಮ್ಮ ಹೋದ್ಲು."

"ಮೇಡಂ, ಕಾಗೆ..."

"ಗೊತ್ತು ಕಣೆ. ಕಾಗೆ, ಕೊಂಬೆ, ನಾನೇ ಹೇಳ್ಕೊಟ್ಟಿದ್ದಲ್ವಾ? ಹಗಲು ಹೊತ್ತು ಗೊತ್ತಾಗ್ತದೆ. ರಾತ್ರಿ ಗೊತ್ತಾಗಲ್ಲ."

ನನಗೆ ಸಿಟ್ಟು ಬಂದಿತ್ತು, ಹೇಳಿಬಿಡುತ್ತೇನೆ, ಕೆಟ್ಟ ಸಿಟ್ಟು. ಒಂದು ಮಾತು ಕೇಳಿದ್ದರೆ ಸಾಕಿತ್ತಲ್ಲ! ಆದರೆ ಆ ಕೆಂಪು ಬಲ್ಬು ಕಣ್ಣೆದುರೇ ಉರಿಯುತ್ತಿತ್ತು. ಕದ್ದಿಲ್ಲದವಳಿಗೆ ಯಾರು ಬೇಕಾದರೂ ಆಣೆ ಮಾಡಿಯಾರು. ಕಳ್ಳಿಯೆಂದು ತಿಳಿದ ಹುಡುಗಿಗಾಗಿ ಈ ಹೆಂಗಸು ತನ್ನ ಮನೆಯ ದೀಪ ಒಡ್ಡಿದ್ದಳು. ನನ್ನ ಕೈ ಬೆನ್ನ ಹಿಂದೆ ಇರಲಿಲ್ಲ. ಯಾವಾಗ ಮುಂದೆ ಬಂತೋ, ಅವರ ಎರಡೂ ಕೈ ಹಿಡಿದುಕೊಂಡಿತ್ತು. ಯಾವ ದೇವರ ಮುಂದೆಯೂ ಬಾರದ ಮಾತು ಬಾಯಿಗೆ ಬಂತು. "ನಿಮ್ಮಾಣೆ ಮೇಡಂ. ನಾನು ತಗಂಡಿಲ್ಲ."

"ಇನ್ನೊಂದ್ ಸಲ ಹೇಳು."

ಹೇಳಿದೆ. ಅವರು ಪುರಾವೆ ಕೇಳಲಿಲ್ಲ, ನಂಬಿದರು. ನನ್ನ ಭಾಷಣ ನಿಜವಾದದ್ದು ಆ ಗಳಿಗೆಯಲ್ಲಿ. ಸುಳ್ಳೆಂದು ತಿಳಿದು ಆಡಿದ ಮಾತು ಸತ್ಯವೇ ಆಗಿದ್ದರೆ ಅದನ್ನು ಏನೆನ್ನಬೇಕು ಎಂಬುದು ಪರೀಕ್ಷೆಯಲ್ಲಾದರೆ ಹತ್ತು ಅಂಕದ ಪ್ರಶ್ನೆ. ಮೇಡಂ ಅದಕ್ಕೆ ತಲೆ ಕೆಡಿಸಿಕೊಳ್ಳಲಿಲ್ಲ. ಅತ್ತರು, ಮೂಗು ಒರೆಸಿಕೊಂಡರು. "ಹಾಗಾದ್ರೆ ಅಮ್ಮ ಹಾರ್ಟಿನ ತೊಂದ್ರೆಯಿಂದ್ಲೇ ಹೋಗಿದ್ದು" ಎಂದರು. ಆಮೇಲೆ ಗೋಡೆಯ ಕಡೆ ಗಲ್ಲ ತೋರಿಸಿ, "ಆ ಸ್ವಿಚ್ಚೊಂದು ಆಫ್ ಮಾಡು ಮಾರಾಯ್ತಿ. ಹಗಲು ಹೊತ್ತಲ್ಲಿ ಸುಮ್ನೆ ಯಾಕೆ?" ಎಂದರು.

ಎದ್ದು ಹೋಗಿ ಬಲಗೈಯಿಂದಲೇ ಆಫ್ ಮಾಡಿದೆ.

ಇವತ್ತು ದೀಪ ಆರಿದಾಗ ಆ ಕೈ ಇದ್ದಲ್ಲೇ ಇತ್ತು. ಅತ್ತೆ ಬೆಂಕಿಪೊಟ್ಟಣ ಹುಡುಕುತ್ತಿದ್ದರು. "ಬಿಡಿ ಅತ್ತೆ, ನಾನು ಹಚ್ತೀನಿ" ಎಂದೆ.